57ಜಿ/12: ಒಂದು ಹಾಳೆಯಲ್ಲಿ ಉತ್ತರ ಬೆಂಗಳೂರಿನ ಜನಜೀವನ

ಯಲಹಂಕ, ಹೆಬ್ಬಾಳ, ಯಶವಂತಪುರ, ಆರ್.ಟಿ. ನಗರ ಈ ನಾಲ್ಕೂ ಭಾರತೀಯ ಸರ್ವೇಕ್ಷಣಾ ಇಲಾಖೆಯ ಒಂದೇ ಸ್ಥಳಾಕೃತಿ ನಕ್ಷೆಯಲ್ಲಿ, 57ಜಿ/12 ಎಂಬ ಸಂಖ್ಯೆಯ ಹಾಳೆಯಲ್ಲಿ, ಅಡಕವಾಗಿವೆ. 1:50,000 ಪ್ರಮಾಣದ ಈ ಹಾಳೆಯಲ್ಲಿ ನೆಲದ ಮೇಲಿನ ಒಂದು ಕಿಲೋಮೀಟರ್ ಎರಡು ಸೆಂಟಿಮೀಟರಾಗಿ ಕುಗ್ಗುವುದರಿಂದ, ಮಗುವೊಂದು ತನ್ನ ಶಾಲೆಯಿಂದ ಹೆಬ್ಬಾಳ ಕೆರೆಗೆ ಇರುವ ದೂರವನ್ನು ದಾರವಿಟ್ಟು ಅಳೆದು ತಾನೇ ಲೆಕ್ಕ ಹಾಕಬಲ್ಲದು. ಜನರು ಎಲ್ಲಿ ನೆಲೆಸಿದರು, ಅಲ್ಲಿಯೇ ಏಕೆ ನೆಲೆಸಿದರು, ಏನು ದುಡಿದರು, ಎಲ್ಲಿಂದ ಎಲ್ಲಿಗೆ ಸರಿದರು, ನೆಲಕ್ಕೆ ಯಾವ ಹೆಸರಿಟ್ಟರು ಎಂಬುದನ್ನು ಅಭ್ಯಾಸ ಮಾಡುವ ಶಾಸ್ತ್ರವೇ ಮಾನವ ಭೂಗೋಳ. ಅದನ್ನು ದೂರದ ಖಂಡಗಳ ಪಟ್ಟಿಯಿಂದ ಆರಂಭಿಸುವುದಕ್ಕಿಂತ ಇಂಥ ಒಂದು ಹಾಳೆಯಿಂದ ಆರಂಭಿಸುವುದು ಮೇಲು, ಏಕೆಂದರೆ ಹಾಳೆಯಲ್ಲಿ ಬರೆದದ್ದು ನಿಜವೋ ಅಲ್ಲವೋ ಎಂಬುದನ್ನು ವಿದ್ಯಾರ್ಥಿ ಸಂಜೆ ನಡೆದುಹೋಗಿ ನೋಡಿಬರಬಹುದು.

ನಕ್ಷೆಯ ಕಲೆಗೂ ಈ ಪ್ರದೇಶಕ್ಕೂ ಹಳೆಯ ನಂಟಿದೆ. ಮೇಖ್ರಿ ವೃತ್ತದ ಬಳಿ ಇರುವ ಪುಟ್ಟ ಗೋಪುರವು 19ನೆಯ ಶತಮಾನದಲ್ಲಿ ಮಹಾ ತ್ರಿಕೋನಮಿತಿ ಸರ್ವೇಕ್ಷಣೆಯವರು ಅಳೆದ ಆಧಾರರೇಖೆಯ ಒಂದು ತುದಿಯನ್ನು ಗುರುತಿಸುತ್ತದೆ. ಆಧಾರರೇಖೆ ಎಂದರೆ ನೆಲದ ಮೇಲೆ ಅತ್ಯಂತ ಎಚ್ಚರದಿಂದ ಅಳೆದ ನೇರ ಗೆರೆ; ಅದೊಂದರ ಉದ್ದ ತಿಳಿದರೆ ಸಾಕು, ಮಿಕ್ಕ ದೂರಗಳನ್ನು ಕೋನಗಳ ಮೂಲಕವೇ ಗಣಿಸುತ್ತಾ ಹೋಗಬಹುದು. ಇಂದು ಭೂಮಾಹಿತಿಯ ಕೆಲಸ ನಡೆಸುವ ಕರ್ನಾಟಕ ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರವೂ ಯಲಹಂಕಕ್ಕೆ ಸಮೀಪದ ದೊಡ್ಡಬೆಟ್ಟಹಳ್ಳಿಯಲ್ಲಿಯೇ ಇದೆ. ಆ ಕೇಂದ್ರ ರೂಪಿಸಿದ ‘ದಿಶಾಂಕ್’ ಎಂಬ ಮೊಬೈಲ್ ಆ್ಯಪ್, ನಿಂತ ಜಾಗದ ಸರ್ವೆ ನಂಬರನ್ನೂ ಕಂದಾಯ ಗ್ರಾಮದ ಹೆಸರನ್ನೂ ತೋರಿಸುತ್ತದೆ. ಭೂವ್ಯವಹಾರಕ್ಕೆಂದು ಜನ ಬಳಸುವ ಈ ಆ್ಯಪ್ ತರಗತಿಗೆ ಬಂದಾಗ ಬೇರೆಯೇ ಕೆಲಸ ಮಾಡುತ್ತದೆ: ಬಹುಮಹಡಿ ಕಟ್ಟಡದ ನೆರಳಿನಲ್ಲಿ ನಿಂತ ವಿದ್ಯಾರ್ಥಿಗೆ, ಕಾಲ ಕೆಳಗಿನ ನೆಲ ದಾಖಲೆಯಲ್ಲಿ ಇನ್ನೂ ಒಂದು ಹಳ್ಳಿಯ ಹೊಲವಾಗಿಯೇ ಉಳಿದಿರುವುದು ಕಾಣುತ್ತದೆ. ಕಂದಾಯ ಇಲಾಖೆಯ ಜಾಲತಾಣದಲ್ಲಿ ದೊರೆಯುವ ಗ್ರಾಮನಕ್ಷೆಗಳನ್ನು ಇದರ ಜೊತೆಗಿಟ್ಟರೆ ಗ್ರಾಮಠಾಣ, ಗೋಮಾಳ, ಗುಂಡುತೋಪು, ಖರಾಬು, ರಾಜಕಾಲುವೆ ಎಂಬ ಪದಗಳು ಪಠ್ಯದ ‘ಭೂಬಳಕೆ’ ಎಂಬ ಒಣ ಶಬ್ದಕ್ಕೆ ಜೀವ ಕೊಡುತ್ತವೆ, ಏಕೆಂದರೆ ಊರವರು ಯಾವ ನೆಲವನ್ನು ವಾಸಕ್ಕೆ, ಯಾವುದನ್ನು ದನಕರುಗಳಿಗೆ, ಯಾವುದನ್ನು ನೀರಿಗೆ ಬಿಟ್ಟಿದ್ದರೆಂಬುದು ಅವುಗಳಲ್ಲೇ ಇದೆ.

ಉಪಗ್ರಹ ಚಿತ್ರದಲ್ಲಿ ಆರ್.ಟಿ. ನಗರವನ್ನು ನೋಡಿದರೆ ಹಳ್ಳಿಯ ನೆಲದ ಮೇಲೆಯೇ ನಗರ ಹರಡಿರುವುದು ಸ್ಪಷ್ಟವಾಗುತ್ತದೆ. ರವೀಂದ್ರನಾಥ ಟ್ಯಾಗೋರರ ಹೆಸರು ಹೊತ್ತ ಬಡಾವಣೆಯ ರಸ್ತೆಗಳು ಅಡ್ಡರಸ್ತೆ, ಮುಖ್ಯರಸ್ತೆಗಳಾಗಿ ಚೌಕಳಿಯಂತೆ ಹರಡಿದ್ದರೆ, ಅದಕ್ಕೆ ಅಂಟಿಕೊಂಡ ಮಠದಹಳ್ಳಿ, ಗಂಗೇನಹಳ್ಳಿಗಳಂಥ ಹಳೆಯ ಊರುಗಳ ಕಡೆ ಬಂದಾಗ ಬೀದಿಗಳು ಕಿರಿದಾಗುತ್ತವೆ, ತಿರುಗುತ್ತವೆ, ಗುಡಿಯ ಮುಂದೆ ಕೂಡುತ್ತವೆ. ಚೌಕಳಿ ನಕಾಶೆಗಾರನ ಹಲಗೆಯ ಮೇಲೆ ಹುಟ್ಟಿದ್ದು, ಬಳುಕುವ ಬೀದಿ ಎತ್ತಿನ ಗಾಡಿಯ ದಾರಿಯಲ್ಲಿ ಹುಟ್ಟಿದ್ದು. ಇಸ್ರೋ 2009ರಲ್ಲಿ ತೆರೆದ ‘ಭುವನ್’ ತಾಣದಲ್ಲಾಗಲಿ ಗೂಗಲ್ ಅರ್ಥ್‌ನಲ್ಲಾಗಲಿ ಈ ವ್ಯತ್ಯಾಸವನ್ನು ಗುರುತಿಸುವುದಕ್ಕೆ ಯಾವ ವಿಶೇಷ ತರಬೇತಿಯೂ ಬೇಡ. ಗೂಗಲ್ ಅರ್ಥ್‌ನಲ್ಲಿ ಹಳೆಯ ವರ್ಷಗಳ ಚಿತ್ರಗಳನ್ನೂ ತೆರೆದು ನೋಡುವ ಸೌಲಭ್ಯವಿರುವುದರಿಂದ, 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದ ಮೇಲೆ ಬಳ್ಳಾರಿ ರಸ್ತೆಯ ಇಕ್ಕೆಲಗಳ ಹೊಲ, ದ್ರಾಕ್ಷಿತೋಟಗಳ ಜಾಗದಲ್ಲಿ ಏನೇನು ಎದ್ದಿತೆಂಬುದನ್ನು ವರ್ಷ ವರ್ಷವೂ ಹಿಂಬಾಲಿಸಬಹುದು.

ಊರಹೆಸರುಗಳು ಇನ್ನೂ ಆಳಕ್ಕೆ ಒಯ್ಯುತ್ತವೆ. ಅಲ್ಲಾಳಸಂದ್ರ, ಕಾವಲ್ ಭೈರಸಂದ್ರ ಎಂಬಲ್ಲಿನ ‘ಸಂದ್ರ’ವು ‘ಸಮುದ್ರ’ದ ಸವೆದ ರೂಪ, ಅಂದರೆ ಕೆರೆ, ‘ಕಾವಲ್’ ಎಂಬುದು ದನಗಳ ಮೇವಿಗೆ ಕಾದಿರಿಸಿದ ಹುಲ್ಲುಗಾವಲು. ಸಂದ್ರ, ಕೆರೆ, ಹಳ್ಳಿ, ಪಾಳ್ಯ, ಪುರ, ನಗರ ಎಂಬ ಅಂತ್ಯಪದಗಳಿಗೆ ಒಂದೊಂದು ಬಣ್ಣ ಕೊಟ್ಟು ಹಾಳೆಯ ಮೇಲೆ ಚುಕ್ಕೆ ಇಡುತ್ತಾ ಹೋದರೆ, ನೀರನ್ನು ಹಿಡಿದು ಬದುಕಿದ ಕಾಲವೂ ಬಡಾವಣೆ ಹಾಕಿದ ಕಾಲವೂ ಬೇರೆ ಬೇರೆಯಾಗಿ ಕಾಣಿಸಿಕೊಳ್ಳುತ್ತವೆ. ಇಲ್ಲಿ ಅಂತರಜಾಲ ನಕ್ಷೆಗಳಿಂದ ಒಂದು ನಿಜವಾದ ನಷ್ಟವೂ ಇದೆ, ಅದನ್ನು ಹೇಳಲೇಬೇಕು. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಊರಹೆಸರು ಹ್ರಸ್ವ ದೀರ್ಘಗಳನ್ನೂ ಲ ಳ, ತ ಟಗಳ ಭೇದವನ್ನೂ ನುಂಗುತ್ತದೆ. ಕೊಡಿಗೇಹಳ್ಳಿಯನ್ನು ಹಾಗೆ ಬರೆದಾಗ, ಅದು ದಾನಭೂಮಿ ಎಂಬರ್ಥದ ‘ಕೊಡಗೆ’ಯಿಂದ ಬಂದುದೋ ಕೆರೆಯ ಹೆಚ್ಚುನೀರು ಹರಿಯುವ ‘ಕೋಡಿ’ಯಿಂದ ಬಂದುದೋ ಎಂಬ ಪ್ರಶ್ನೆಯೇ ಮಗುವಿಗೆ ಹುಟ್ಟದು.

ಹೆಬ್ಬಾಳದ ಮಟ್ಟಿಗೆ ಈ ಬಗೆಯ ಪ್ರಶ್ನೆಗೆ ಕಲ್ಲೇ ಉತ್ತರ ಕೊಟ್ಟಿದೆ. 2018ರಲ್ಲಿ ಅಲ್ಲಿ ಬೆಳಕಿಗೆ ಬಂದ, ಸುಮಾರು ಕ್ರಿ.ಶ. 750ರ, ಗಂಗ ದೊರೆ ಶ್ರೀಪುರುಷನ ಕಾಲದ ಕಿತ್ತಯ್ಯನ ಶಾಸನವು ‘ಪೆರ್ಬೊಳಲ್ ನಾಡು ಮೂವತ್ತು’ ಎಂಬ ಆಡಳಿತ ವಿಭಾಗವನ್ನು ಹೆಸರಿಸುತ್ತದೆ. ಪೆರ್ ಎಂದರೆ ಹಿರಿದು, ಪೊಳಲ್ ಎಂದರೆ ಪಟ್ಟಣ. ಮೇಲ್ಸೇತುವೆಯ ಹೆಸರಾಗಿ ಮಾತ್ರ ಮಕ್ಕಳಿಗೆ ಪರಿಚಿತವಾದ ಹೆಬ್ಬಾಳವು 1,200 ವರ್ಷಗಳಿಗೂ ಹಿಂದೆ ಸುತ್ತಣ ಮೂವತ್ತು ಊರುಗಳಿಗೆ ತಲೆಯೂರಾಗಿತ್ತು. 1909ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಮಿಥಿಕ್ ಸೊಸೈಟಿಯು 2021ರಿಂದ ಈ ಭಾಗದ ಶಾಸನಕಲ್ಲುಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ, ಅವುಗಳ ನೆಲೆಯನ್ನು ಅಂತರಜಾಲದ ನಕ್ಷೆಯಲ್ಲಿ ಗುರುತಿಸುತ್ತಿರುವುದು ಭೂಗೋಳದ ಶಿಕ್ಷಕರಿಗೆ ದೊರೆತ ದೊಡ್ಡ ಕೊಡುಗೆ. ಕೇಂದ್ರಸ್ಥಾನ, ಅಂದರೆ ಸುತ್ತಲಿನ ಹಳ್ಳಿಗಳಿಗೆ ಸೇವೆ ಒದಗಿಸುವ ದೊಡ್ಡ ಊರು, ಎಂಬ ಕಲ್ಪನೆಯನ್ನು ದೂರದ ಜರ್ಮನಿಯ ಉದಾಹರಣೆಯಿಂದಲೇ ಕಲಿಸಬೇಕಾದ ಅಗತ್ಯ ಇನ್ನಿಲ್ಲ.

ಅಂಕಿಅಂಶಗಳ ನಕ್ಷೆಯಲ್ಲಿ ಮಾತ್ರ ಹೆಚ್ಚಿನ ಎಚ್ಚರ ಬೇಕು. ಜನಗಣತಿಯ ಅಂಕಿಗಳನ್ನು ವಾರ್ಡುಗಳ ವಿಸ್ತೀರ್ಣದಿಂದ ಭಾಗಿಸಿ, ಸಾಂದ್ರತೆ ಹೆಚ್ಚಿದಂತೆ ಬಣ್ಣವನ್ನು ಗಾಢಗೊಳಿಸುವ ವಿಧಾನವನ್ನು ಛಾಯಾ ನಕ್ಷೆ ಎನ್ನಬಹುದು. ಆದರೆ ಉತ್ತರ ಬೆಂಗಳೂರಿನಲ್ಲಿ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣ, ಯಲಹಂಕದ ವಾಯುಪಡೆ ನೆಲೆ, ಜಕ್ಕೂರಿನ ವಿಮಾನ ತರಬೇತಿ ಶಾಲೆಯ ಬಯಲು, ಹತ್ತಾರು ಕೆರೆಗಳು ಇವೆಲ್ಲ ವಾರ್ಡಿನ ವಿಸ್ತೀರ್ಣದಲ್ಲಿ ಸೇರಿಕೊಳ್ಳುವುದರಿಂದ, ಅವುಗಳ ಪಕ್ಕದಲ್ಲೇ ಗೋಡೆಗೆ ಗೋಡೆ ತಾಗಿ ನಿಂತ ಮನೆಗಳ ಓಣಿಯೂ ನಕ್ಷೆಯಲ್ಲಿ ತೆಳುಬಣ್ಣ ಪಡೆದು ಬಿಡಾರವಿಲ್ಲದ ಜಾಗದಂತೆ ತೋರುತ್ತದೆ. ಯಾರೂ ವಾಸಿಸದ ನೆಲವನ್ನು ಉಪಗ್ರಹ ಚಿತ್ರದಿಂದ ಗುರುತಿಸಿ ಲೆಕ್ಕದಿಂದ ತೆಗೆದು, ಉಳಿದುದಕ್ಕೆ ಮತ್ತೆ ಬಣ್ಣ ಹಚ್ಚಿದಾಗ ಅದೇ ವಾರ್ಡು ಬೇರೆಯದಾಗುತ್ತದೆ. ಎರಡೂ ನಕ್ಷೆಗಳು ಒಂದೇ ಅಂಕಿಯಿಂದ ಬಂದವು ಎಂಬುದನ್ನು ಮಕ್ಕಳು ತಮ್ಮ ಕೈಯಿಂದಲೇ ಮಾಡಿ ಕಂಡುಕೊಳ್ಳುವುದು ಈ ಇಡೀ ಪಾಠದ ಅತ್ಯಂತ ಬೆಲೆಯುಳ್ಳ ಗಳಿಗೆ.

ವಲಸೆಯ ಪಾಠಕ್ಕೆ ಯಶವಂತಪುರಕ್ಕಿಂತ ಒಳ್ಳೆಯ ಜಾಗವಿಲ್ಲ, ಏಕೆಂದರೆ ಅಲ್ಲಿ ರೈಲು ಜಂಕ್ಷನ್, ಎಪಿಎಂಸಿ ಮಾರುಕಟ್ಟೆ, ಪಕ್ಕದ ಪೀಣ್ಯದ ಕಾರ್ಖಾನೆಗಳು ಒಟ್ಟಿಗೆ ಸೇರಿ ಕರ್ನಾಟಕದ ಮತ್ತು ಹೊರನಾಡುಗಳ ದುಡಿಮೆಗಾರರನ್ನು ಸೆಳೆಯುತ್ತವೆ. ಹೆಚ್ಚಿನ ವಲಸಿಗರು ಹತ್ತಿರದ ಊರುಗಳಿಗೇ ಹೋಗುತ್ತಾರೆಂದು ನಕ್ಷೆಗಾರರೂ ಆಗಿದ್ದ ಇ.ಜಿ. ರಾವೆನ್‌ಸ್ಟೈನ್ 1885ರಲ್ಲಿ ಬರೆದರು. ಅಜ್ಜ ಅಜ್ಜಿಯರ ಹುಟ್ಟೂರು, ತಂದೆ ತಾಯಿಯರ ಹುಟ್ಟೂರು, ತನ್ನ ಹುಟ್ಟೂರು ಎಂಬ ಮೂರು ಬಾಣಗಳನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ಕರ್ನಾಟಕದ ಖಾಲಿ ನಕ್ಷೆಯಲ್ಲಿ ಬರೆದು, ಒಂದೇ ತಾಲ್ಲೂಕಿನಿಂದ ಬಂದ ಬಾಣಗಳನ್ನು ಕೂಡಿಸಿ ದಪ್ಪಗೊಳಿಸಿದರೆ, ಆ ಮಾತು ತಮ್ಮ ತರಗತಿಗೆ ಎಷ್ಟರಮಟ್ಟಿಗೆ ಒಪ್ಪುತ್ತದೆಂಬುದನ್ನು ಅವರೇ ಪರೀಕ್ಷಿಸಬಹುದು. ಯಾದಗಿರಿ, ರಾಯಚೂರು ಕಡೆಯಿಂದ ಬಂದು ಕಟ್ಟಡಗಳ ಬದಿಯ ತಗಡಿನ ಶೆಡ್ಡುಗಳಲ್ಲಿ ಬದುಕುವ ಕುಟುಂಬಗಳ ಮಕ್ಕಳಿಗೆ ಇಲ್ಲಿ ಉದ್ದನೆಯ ಬಾಣ ಸಿಗುತ್ತದೆ, ತರಗತಿಯಲ್ಲಿ ಬಹುಶಃ ಮೊದಲ ಬಾರಿಗೆ ಅವರ ಊರು ಎಲ್ಲರ ಕಣ್ಣಿಗೂ ಬೀಳುತ್ತದೆ. ಊರನ್ನು ತಾಲ್ಲೂಕಿನ ಮಟ್ಟದಲ್ಲಷ್ಟೇ ಗುರುತಿಸಿ, ಯಾರ ಮನೆಯನ್ನೂ ಅಂತರಜಾಲದ ನಕ್ಷೆಗೆ ಏರಿಸದಿರುವುದು ಶಿಕ್ಷಕರ ಹೊಣೆ.

ಆ ಶೆಡ್ಡುಗಳು ಸರ್ಕಾರಿ ಹಾಳೆಯಲ್ಲಿ ಇರುವುದಿಲ್ಲ, ಖಾಸಗಿ ಕಂಪನಿಗಳ ನಕ್ಷೆಯಲ್ಲೂ ಸಾಮಾನ್ಯವಾಗಿ ಇರುವುದಿಲ್ಲ. 2004ರಲ್ಲಿ ಆರಂಭವಾದ ‘ಓಪನ್‌ಸ್ಟ್ರೀಟ್‌ಮ್ಯಾಪ್’ ಯಾರು ಬೇಕಾದರೂ ತಿದ್ದಬಹುದಾದ ಲೋಕನಕ್ಷೆಯಾಗಿದ್ದು, ಪ್ರತಿ ಜಾಗಕ್ಕೂ ಕನ್ನಡದ ಹೆಸರನ್ನು ಕನ್ನಡ ಅಕ್ಷರಗಳಲ್ಲಿಯೇ ಸೇರಿಸಲು ಅದರಲ್ಲಿ ಪ್ರತ್ಯೇಕ ಅಂಕಣವಿದೆ. ಕೈಪಂಪು, ಅಂಗನವಾಡಿ, ಅರಳಿಕಟ್ಟೆ, ಕೆರೆಯ ತೂಬು ಇವುಗಳನ್ನು ನಡೆದು ನೋಡಿ ಬಂದ ತರಗತಿಯೊಂದು ಶಾಲೆಯ ಕಂಪ್ಯೂಟರಿನಲ್ಲಿ ಅವುಗಳ ಹೆಸರನ್ನು ಟೈಪಿಸಿ ಉಳಿಸಿದ ಕೆಲವೇ ನಿಮಿಷಗಳಲ್ಲಿ, ಕಾವಲ್ ಭೈರಸಂದ್ರದ ಅರಳಿಕಟ್ಟೆ ಎಲ್ಲಿಂದ ತೆರೆದರೂ ಕಾಣುವಂತಾಗುತ್ತದೆ.