ಹೊಲ ಒಂದೇ, ರಂಜಕ ಹಲವು ಬಗೆ

ಬಿತ್ತನೆಯ ಕಾಲ ಬಂತೆಂದರೆ ನಮ್ಮ ರೈತ ಬಾಂಧವರು ಮೊದಲು ವಿಚಾರಿಸುವುದು ಡಿ.ಎ.ಪಿ. ಬಂದಿದೆಯೇ ಎಂದು. ಎಕರೆಗೆ ಎಷ್ಟು ಹಾಕುತ್ತೀರಿ ಎಂದು ಕೇಳಿದರೆ, ಪಕ್ಕದ ಹೊಲದವರು ಹಾಕಿದಷ್ಟು ಎಂಬ ಉತ್ತರ! ಆದರೆ ಪಕ್ಕದ ಹೊಲ ನಿಮ್ಮದಲ್ಲ. ಅಷ್ಟೇಕೆ, ನಿಮ್ಮದೇ ಹೊಲದ ಮೇಲಿನ ತುದಿಯ ಮಣ್ಣು ಕೆಳಗಿನ ತುದಿಯಂತೆ ಇರುವುದಿಲ್ಲ.

50 ಕಿಲೋ ಡಿ.ಎ.ಪಿ. ಚೀಲದಲ್ಲಿ 9 ಕಿಲೋ ಸಾರಜನಕ, 23 ಕಿಲೋ ರಂಜಕ ಇರುತ್ತದೆ. ಸಾರಜನಕ ಗಾಳಿಗೂ ಹೋದೀತು, ನೀರಿಗೂ ಹೋದೀತು. ರಂಜಕ ಹಾಗಲ್ಲ, ಬಿದ್ದಲ್ಲೇ ಮಣ್ಣು ಅದನ್ನು ಹಿಡಿದುಕೊಳ್ಳುತ್ತದೆ. ಎರೆ ಭೂಮಿಯಲ್ಲಿ ಸುಣ್ಣದ ಅಂಶ, ಮಸಾರಿಯಲ್ಲಿ ಕಬ್ಬಿಣ ಮತ್ತು ಅಲ್ಯೂಮಿನಿಯಂ ಈ ಕೆಲಸ ಮಾಡುತ್ತವೆ. ಆ ವರ್ಷದ ಬೆಳೆಗೆ ದಕ್ಕುವುದು ಸುಮಾರು ಐದರಲ್ಲಿ ಒಂದು ಪಾಲು. ಉಳಿದದ್ದು ಮಣ್ಣಿನಲ್ಲಿ ಠೇವಣಿ.

ಗಂಗಾವತಿ ಭಾಗದಲ್ಲಿ ಈ ಠೇವಣಿ ಬೆಳೆಯುತ್ತಲೇ ಇದೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟೆ ಮುಗಿದು ಕಾಲುವೆ ಹರಿದ ಮೇಲೆ ಅಲ್ಲಿ ಭತ್ತವೇ ಭತ್ತ. ನೀರು ಸಿಕ್ಕ ವರ್ಷ ಎರಡು ಬೆಳೆ, ಎರಡಕ್ಕೂ ಗೊಬ್ಬರ. ರಂಜಕ ಅತಿಯಾದ ಗದ್ದೆಯಲ್ಲಿ ಪೈರಿಗೆ ಸತು ಸಿಗುವುದು ಕಷ್ಟ. ಎಲೆಯ ಮೇಲೆ ತುಕ್ಕಿನ ಬಣ್ಣದ ಚುಕ್ಕೆ ಬಂದು ಪೈರು ಗಿಡ್ಡವಾಗುತ್ತದೆ. ಅದನ್ನು ಕಂಡು ಮತ್ತೊಂದು ಚೀಲ ಡಿ.ಎ.ಪಿ. ಎರಚುವವರಿದ್ದಾರೆ! ಇಲ್ಲಿ ಬೇಕಾದದ್ದು ಸತುವಿನ ಸಲ್ಫೇಟ್, ಅದನ್ನೂ ಡಿ.ಎ.ಪಿ. ಜೊತೆ ಬೆರೆಸಬಾರದು.

ಮಣ್ಣಿನ ಹಿಡಿತಕ್ಕೂ ಮಿತಿಯುಂಟು. ಹಾಲೆಂಡ್ ದೇಶದ ಮರಳು ಮಣ್ಣಿಗೆ ಹಂದಿ, ಕೋಳಿ ಗೊಬ್ಬರ ಮಿತಿಮೀರಿ ಬಿದ್ದು ರಂಜಕ ಅಂತರ್ಜಲದ ಕಡೆ ಇಳಿಯತೊಡಗಿತು. ಹಿಡಿಯುವ ಶಕ್ತಿಯ ನೂರಕ್ಕೆ 25 ಪಾಲು ತುಂಬಿದರೆ ಅಪಾಯ ಎಂದು ಅಲ್ಲಿ ಗೆರೆ ಹಾಕಿದ್ದಾರೆ. ನಮ್ಮ ಎರೆ ಮಣ್ಣು ಅಷ್ಟು ಬೇಗ ತುಂಬುವಂಥದ್ದಲ್ಲ, ನಿಜ. ಆದರೂ ಗದ್ದೆಯ ಕದಡಿದ ನೀರು ಹಳ್ಳಕ್ಕೆ ಬಿಟ್ಟರೆ ಮಣ್ಣಿಗಂಟಿದ ರಂಜಕವೂ ಜೊತೆಗೇ ಹೋಗುತ್ತದೆ.

ಕುಷ್ಟಗಿ, ಯಲಬುರ್ಗಾ ಮತ್ತು ಕೊಪ್ಪಳದ ಮಳೆಯಾಶ್ರಿತ ಹೊಲಗಳ ಕಥೆಯೇ ಬೇರೆ. ಊರ ಮಗ್ಗುಲಿನ ಹೊಲಕ್ಕೆ ತಿಪ್ಪೆಗೊಬ್ಬರ ವರ್ಷವೂ ಬೀಳುತ್ತದೆ, ದೂರದ ಹೊಲಕ್ಕೆ ಬಂಡಿ ಹೋಗುವುದೇ ಅಪರೂಪ. ಇಳಿಜಾರಿನ ಮೇಲ್ಮಣ್ಣು ಕೊಚ್ಚಿ ಒಡ್ಡಿನ ಬುಡ ಸೇರುತ್ತದೆ. ಇಂಥ ಹೊಲದಲ್ಲಿ ಗೊಬ್ಬರ ಎರಚುವುದಕ್ಕಿಂತ ಕೂರಿಗೆಯಿಂದ ಬೀಜದ ಮಗ್ಗುಲಿಗೆ, ತುಸು ಆಳಕ್ಕೆ ಬೀಳಿಸುವುದು ಲೇಸು. ಹರಿದಾಡದ ರಂಜಕವನ್ನು ಬೇರಿನ ಹತ್ತಿರಕ್ಕೆ ನಾವೇ ಒಯ್ಯಬೇಕು.

ಮಣ್ಣು ಆರೋಗ್ಯ ಕಾರ್ಡ್ ಇದೆಯಲ್ಲ ಎನ್ನಬಹುದು. 2015ರಲ್ಲಿ ಆ ಯೋಜನೆ ಬಂದಾಗ ನೀರಾವರಿಯಲ್ಲಿ ಸುಮಾರು 6 ಎಕರೆಗೆ, ಒಣ ಬೇಸಾಯದಲ್ಲಿ 25 ಎಕರೆಗೆ ಒಂದು ಮಾದರಿ ಎಂದು ಗೊತ್ತುಮಾಡಲಾಗಿತ್ತು. ಅಂದರೆ ನಿಮ್ಮ ಕಾರ್ಡಿನ ಮಣ್ಣು ಬೇರೆಯವರ ಹೊಲದ್ದೂ ಇರಬಹುದು. ಹೆಕ್ಟೇರಿಗೆ 23 ಕಿಲೋ ಒಳಗಿದ್ದರೆ ರಂಜಕ ಕಡಿಮೆ, 56 ದಾಟಿದರೆ ಹೆಚ್ಚು. ಹೆಚ್ಚಿದ್ದಲ್ಲಿ ಶಿಫಾರಸಿನ ಕಾಲು ಭಾಗ ಕಡಿತ ಮಾಡಬಹುದು.

ಆದ್ದರಿಂದ ಬೆಳೆ ಕೊಯ್ದ ಮೇಲೆ, ಗೊಬ್ಬರ ಹಾಕುವ ಮುನ್ನ ಮಣ್ಣು ತೆಗೆಯಿರಿ. ಎರೆ ಬೇರೆ, ಮಸಾರಿ ಬೇರೆ, ಮೇಲಿನ ತುದಿ ಬೇರೆ, ತಗ್ಗು ಬೇರೆ. ಒಂದೊಂದರಲ್ಲೂ ಹತ್ತು ಹನ್ನೆರಡು ಕಡೆ ಅರ್ಧ ಅಡಿ ಆಳದ ಗುಂಡಿ ತೋಡಿ, ಬದಿಯ ಮಣ್ಣು ಕೆತ್ತಿ, ಬೆರೆಸಿ, ನೆರಳಲ್ಲಿ ಒಣಗಿಸಿ ಅರ್ಧ ಕಿಲೋ ಉಳಿಸಿಕೊಳ್ಳಿ. ತಿಪ್ಪೆ ಇದ್ದ ಜಾಗ, ಒಡ್ಡು, ಮರದ ಬುಡ ಬೇಡ. ಗೊಬ್ಬರದ ಖಾಲಿ ಚೀಲದಲ್ಲಂತೂ ತುಂಬಲೇಬೇಡಿ. ಸರ್ವೆ ನಂಬರಿನ ಜೊತೆ ಹೊಲದ ಯಾವ ಭಾಗದ ಮಣ್ಣು ಎಂದೂ ಚೀಟಿಯಲ್ಲಿ ಬರೆದು ರೈತ ಸಂಪರ್ಕ ಕೇಂದ್ರಕ್ಕೆ ಕೊಡಿ.