ರೋಲ್ ನಂಬರ್ ಹೊಡೆದ ಬೋಲ್ಟು

ಫಸ್ಟ್ ಇಯರ್ ವರ್ಕ್‌ಶಾಪ್ ಲ್ಯಾಬ್ ನೆನಪಿದೆಯಾ? ಬೆಂಚ್ ವೈಸಿಗೆ ಎಂಎಸ್ ಪ್ಲೇಟು ಕಚ್ಚಿಸಿ, ಹಲ್ಲು ಸವೆದ ಅರದಲ್ಲಿ ಮೂರು ಗಂಟೆ ಉಜ್ಜಿ, ಕೊನೆಗೆ ಒಂದು ಡವ್‌ಟೇಲ್ ಜೋಡಿ ಮಾಡಿದ್ದೆವಲ್ಲ. ನಮ್ಮ ಬ್ಯಾಚಿನಲ್ಲಿ ಒಂದು ದಿನ ಎರಡು ಜೋಡಿಗಳು ಅದಲುಬದಲಾದವು. ನನ್ನ ಅರ್ಧ ಪಕ್ಕದವನ ಅರ್ಧಕ್ಕೆ ಹೋಗಲೇ ಇಲ್ಲ. ಅವನದ್ದು ನನ್ನದಕ್ಕೆ ಹಾಕಿದರೆ ಗಡಗಡ ಅಲ್ಲಾಡ್ತಿತ್ತು. ಡ್ರಾಯಿಂಗ್ ಒಂದೇ, ಅಳತೆ ಒಂದೇ. ಇನ್‌ಸ್ಟ್ರಕ್ಟರ್ ನಕ್ಕು, "ಅದಕ್ಕೇ ಕಣಪ್ಪ ಎರಡೂ ತುಂಡಿನ ಮೇಲೆ ರೋಲ್ ನಂಬರ್ ಪಂಚ್ ಮಾಡ್ಸೋದು" ಅಂದರು.

ಇದೇ ಕಷ್ಟ ಬಂದೂಕು ಮಾಡುವವರಿಗೆ ಇನ್ನೂರು ವರ್ಷಕ್ಕೂ ಹಿಂದೆಯೇ ಬಂದಿತ್ತು. ಆಗ ಪ್ರತಿ ಬಂದೂಕಿನ ಬಿಡಿಭಾಗವನ್ನೂ ಕಸುಬುದಾರ ಅರ ಹಿಡಿದು ಅದೇ ಬಂದೂಕಿಗೆ ಕೂರಿಸುತ್ತಿದ್ದ. ಯುದ್ಧದಲ್ಲಿ ಒಂದು ಸ್ಪ್ರಿಂಗ್ ಮುರಿದರೆ ಬೇರೆ ಬಂದೂಕಿನದ್ದು ತೆಗೆದು ಹಾಕೋಣ ಅನ್ನುವ ಮಾತೇ ಇಲ್ಲ. 1785ರಲ್ಲಿ ಫ್ರಾನ್ಸಿನ ಹೊನೋರೆ ಬ್ಲಾಂಕ್ ಎಂಬಾತ ಬಂದೂಕಿನ ಲಾಕ್‌ಗಳ ಭಾಗಗಳನ್ನು ಬಿಡಿಬಿಡಿಯಾಗಿ ಇಟ್ಟಿದ್ದ. ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಥಾಮಸ್ ಜೆಫರ್ಸನ್ ತಾನೇ ಕೆಲವು ಲಾಕ್ ಜೋಡಿಸಿ ನೋಡಿದ. ಎಲ್ಲವೂ ಕೂತವು. ಅಮೆರಿಕಕ್ಕೆ ಆ ಸುದ್ದಿಯನ್ನು ಪತ್ರ ಬರೆದು ತಿಳಿಸಿದವನೂ ಅವನೇ.

ಈ ಕಥೆಯಲ್ಲಿ ನಮ್ಮ ಪುಸ್ತಕಗಳು ಹೇಳುವ ಹೆಸರು ಎಲೈ ವಿಟ್ನಿ. 1798ರಲ್ಲಿ 10,000 ಬಂದೂಕಿನ ಕಾಂಟ್ರಾಕ್ಟ್ ಹಿಡಿದ, ಡೆಮೋ ಕೊಟ್ಟ, ಎಲ್ಲರೂ ಬೆರಗಾದರು. ಮಾಲು ಪೂರ್ತಿ ಕೊಟ್ಟು ಮುಗಿಸಿದ್ದು ಮಾತ್ರ 1809ಕ್ಕೆ. ಉಳಿದಿರುವ ಅವನ ಬಂದೂಕುಗಳನ್ನು ಇತಿಹಾಸಕಾರರು ಬಿಚ್ಚಿ ನೋಡಿದರೆ ಭಾಗಗಳು ಒಂದರದ್ದು ಇನ್ನೊಂದಕ್ಕೆ ಪೂರ್ತಿ ಹೊಂದುವುದಿಲ್ಲ. ಒಳಗೆ ಜೋಡಿ ಗುರುತುಗಳೂ ಇವೆ. ಪ್ರಾಜೆಕ್ಟ್ ರಿವ್ಯೂ ದಿನ ಮಾತ್ರ ಓಡುವ ಮಾಡೆಲ್ ನಮ್ಮ ಕಾಲದ್ದು ಅಷ್ಟೇ ಅಂದುಕೊಂಡಿದ್ದೆ.

ನಿಜವಾಗಿ ಕೆಲಸ ಸಾಧಿಸಿದವನು ಹಾರ್ಪರ್ಸ್ ಫೆರಿಯ ಜಾನ್ ಹಾಲ್. ನಾವು ಮೆಟ್ರಾಲಜಿಯಲ್ಲಿ ಉರು ಹೊಡೆಯುವ ಡೇಟಮ್ ಇದೆಯಲ್ಲ, ಅದನ್ನು ಅವನು 1820ರ ದಶಕದಲ್ಲೇ ಬಳಸಿದ್ದ. ಒಂದು ಮುಖದಿಂದ ಎರಡನೆಯದಕ್ಕೆ, ಎರಡನೆಯದರಿಂದ ಮೂರನೆಯದಕ್ಕೆ ಅಳೆಯುತ್ತಾ ಹೋದರೆ ತಪ್ಪಿನ ಮೇಲೆ ತಪ್ಪು ಕೂಡುತ್ತದೆ. ಅದಕ್ಕೆ ಎಲ್ಲ ಅಳತೆಯನ್ನೂ ಒಂದೇ ನೆಲೆಯಿಂದ ತೆಗೆದ, ಜೊತೆಗೆ ರಾಶಿ ಗೇಜುಗಳನ್ನು ಮಾಡಿಸಿದ. 1834ರ ಹೊತ್ತಿಗೆ ಕನೆಕ್ಟಿಕಟ್‌ನಲ್ಲಿ ಸಿಮಿಯನ್ ನಾರ್ತ್ ಮಾಡಿದ ಭಾಗ, ದೂರದ ಹಾರ್ಪರ್ಸ್ ಫೆರಿಯ ರೈಫಲ್ಲಿಗೆ ಸಲೀಸಾಗಿ ಕೂರುತ್ತಿತ್ತು. ಎರಡು ಊರು, ಎರಡು ಕಾರ್ಖಾನೆ, ಒಂದೇ ಅಳತೆ.

ಹಾಗಾದರೆ ಆಮೇಲೆ ಎಲ್ಲ ರೈಫಲ್ ಭಾಗಗಳೂ ಅದಲುಬದಲು ಆಗ್ತವಾ? ಇಲ್ಲ. ಎನ್‌ಸಿಸಿಯಲ್ಲಿ ಇದ್ದವರು ಪಾಯಿಂಟ್ ತ್ರೀ ನಾಟ್ ತ್ರೀ ಹೆಸರು ಕೇಳಿರುತ್ತೀರಿ. ಆ ಲೀ ಎನ್‌ಫೀಲ್ಡ್ ರೈಫಲ್ಲಿನ ಬೋಲ್ಟ್ ಮೇಲೆ ಒಂದು ಸೀರಿಯಲ್ ನಂಬರ್ ಇರುತ್ತದೆ. ರೈಫಲ್ಲಿನ ಬಾಡಿ ಮೇಲೂ ಅದೇ ನಂಬರ್. ಥೇಟ್ ನಮ್ಮ ರೋಲ್ ನಂಬರ್. ಬೋಲ್ಟನ್ನು ಕಾರ್ಖಾನೆಯಲ್ಲಿ ಆಯಾ ರೈಫಲ್ಲಿಗೇ ಕೂರಿಸಿರುತ್ತಾರೆ, ಹಾಗಾಗಿ.

ಇಷ್ಟು ಮಡಿ ಯಾಕೆ? ಗುಂಡು ಹಾರುವಾಗ ಕೇಸಿನ ತಳ ಬೋಲ್ಟಿನ ಮುಖಕ್ಕೆ ಒರಗುತ್ತದೆ. ಅಲ್ಲಿರುವ ಸಂದಿಗೆ ಹೆಡ್‌ಸ್ಪೇಸ್ ಅನ್ನುತ್ತಾರೆ. ಸಂದಿ ಕಮ್ಮಿಯಾದರೆ ಬೋಲ್ಟ್ ಮುಚ್ಚಲ್ಲ. ಜಾಸ್ತಿಯಾದರೆ ಹಿತ್ತಾಳೆಯ ಕೇಸು ಹಿಂದಕ್ಕೆ ಎಳೆದುಕೊಂಡು ಹರಿಯಬಹುದು, ಬಿಸಿ ಗ್ಯಾಸು ಹಿಂದಕ್ಕೆ ನುಗ್ಗಬಹುದು. ಹಿಂದೆ ಇರುವುದು ಒಬ್ಬ ಮನುಷ್ಯನ ಮುಖ. ಮಿಲಿಟರಿಯ ಪರೀಕ್ಷೆ ಸರಳ: 0.064 ಇಂಚಿನ ಗೇಜ್ ಇಟ್ಟರೆ ಬೋಲ್ಟ್ ಮುಚ್ಚಬೇಕು, 0.074 ಇಟ್ಟರೆ ಮುಚ್ಚಬಾರದು. ಗೋ, ನೋ ಗೋ. ಎರಡರ ನಡುವೆ ಇರುವುದು ಕಾಲು ಮಿಲಿಮೀಟರು, ಅಂದರೆ ನಮ್ಮ ರೆಕಾರ್ಡ್ ಬುಕ್ಕಿನ ಎರಡು ಮೂರು ಹಾಳೆ ದಪ್ಪ.

ಇದಕ್ಕೆ ನಂ. 4 ಮಾದರಿಯಲ್ಲಿ ಮಾಡಿದ ಉಪಾಯ ನನಗೆ ಬಹಳ ಇಷ್ಟ. ಎರಡನೇ ಮಹಾಯುದ್ಧದಲ್ಲಿ ಈ ರೈಫಲ್ಲನ್ನು ಬ್ರಿಟನ್, ಕೆನಡಾ, ಅಮೆರಿಕ ಮೂರೂ ಕಡೆ ಲಕ್ಷಗಟ್ಟಲೆ ಮಾಡಿದರು. ಪ್ರತಿಯೊಂದನ್ನೂ ಕೂದಲೆಳೆ ಟಾಲರೆನ್ಸಿಗೆ ಮಾಡಲು ಹೋದರೆ ಯುದ್ಧ ಮುಗಿದಿರುತ್ತಿತ್ತು. ಅದಕ್ಕೆ ಬೋಲ್ಟಿನ ತಲೆಯನ್ನು ಬೇರೆ ಭಾಗವಾಗಿಟ್ಟು 0, 1, 2, 3 ಅಂತ ನಾಲ್ಕು ಉದ್ದದಲ್ಲಿ ಮಾಡಿದರು. ಒಂದಕ್ಕಿಂತ ಇನ್ನೊಂದು ಇಂಚಿನ ಸಾವಿರದಲ್ಲಿ ಕೆಲವೇ ಪಾಲು ಉದ್ದ. ಗೇಜ್ ಇಟ್ಟು ನೋಡಿ ಹೊಂದುವ ನಂಬರ್ ಹಾಕು, ಮುಗೀತು. ಅರ ಮುಟ್ಟುವ ಕೆಲಸವೇ ಇಲ್ಲ. ಸಿಲೆಬಸ್ಸಿನಲ್ಲಿ ಸೆಲೆಕ್ಟಿವ್ ಅಸೆಂಬ್ಲಿ ಅಂತ ಎರಡು ಮಾರ್ಕಿನ ಪ್ರಶ್ನೆಯಾಗಿ ಬರುವುದು ಇದೇ.

ಆದರೆ ಗೇಜ್ ಎಲ್ಲವನ್ನೂ ಹೇಳಲ್ಲ. ಈ ಬೋಲ್ಟಿಗೆ ಹಿಂಭಾಗದಲ್ಲಿ ಎಡಕ್ಕೊಂದು ಬಲಕ್ಕೊಂದು ಆಸರೆ ಇದೆ, ಹೊಡೆತವನ್ನು ಎರಡೂ ಸಮನಾಗಿ ಹೊರಬೇಕು. ಬೇರೆ ರೈಫಲ್ಲಿನ ಬೋಲ್ಟ್ ತಂದು ಹಾಕಿದರೆ ಗೇಜ್ ಪಾಸಾಗಿಯೂ ಒಂದೇ ಕಡೆ ಭಾರ ಬೀಳಬಹುದು. ಮನೆಯಲ್ಲಿ ಲೇಥ್ ಇಟ್ಟುಕೊಂಡು ಹಳೇ ಮಿಲಿಟರಿ ಭಾಗಗಳನ್ನು ಒಗ್ಗಿಸುವ ಅಮೆರಿಕದ ಹವ್ಯಾಸಿಗಳಿಗೆ ಎಡವಟ್ಟಾಗುವುದು ಇಂಥಲ್ಲೇ. "ಸ್ವಲ್ಪ ಉಜ್ಜಿದರಾಯ್ತು" ಅನ್ನುವಂತಿಲ್ಲ. ಗಟ್ಟಿ ಮಾಡಿರುವುದು ಮೇಲಿನ ತೆಳು ಪದರವನ್ನಷ್ಟೇ ಆಗಿದ್ದರೆ, ಅದನ್ನು ಉಜ್ಜಿದ ಮೇಲೆ ಉಳಿಯುವುದು ಮೆತ್ತನೆಯ ಉಕ್ಕು. ಇವತ್ತು ಚೆನ್ನಾಗಿ ಕೂತದ್ದು ನೂರು ಹೊಡೆತದ ನಂತರ ಸವೆದು ಸಂದಿ ಬಿಟ್ಟಿರುತ್ತದೆ. ಅಂದಹಾಗೆ ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಬಂದೂಕು ರಿಪೇರಿ ಮಾಡುವುದೂ ಅಪರಾಧ. ಐಡಿಯಾ ಬಂದವರು ಅಲ್ಲೇ ಬಿಡಿ.

ಸರಿಯಾಗಿ ಒಗ್ಗಿಸುವುದು ಅಂದರೆ ಹೇಗಿರುತ್ತದೆ ಅನ್ನುವುದಕ್ಕೆ ಬಂಗಾಳದ ಇಷಾಪುರ ಕಾರ್ಖಾನೆ ಇದೆ. 1960ರ ದಶಕದಲ್ಲಿ ಅವರು ಇದೇ ಲೀ ಎನ್‌ಫೀಲ್ಡ್ ವಿನ್ಯಾಸವನ್ನು 7.62 ಮಿ.ಮೀ. ಗುಂಡಿಗೆ ಹೊಂದಿಸಿ 2ಎ ರೈಫಲ್ ಮಾಡಿದರು. ಹೊಸ ಗುಂಡಿನ ತಳಕ್ಕೆ ಹೊರಚಾಚಿದ ಅಂಚಿಲ್ಲ, ಹಾಗಾಗಿ ಅದನ್ನು ಎಳೆಯುವ ಕೊಕ್ಕೆ ಬದಲಾಗಬೇಕು, ಮ್ಯಾಗಜಿನ್ ಬದಲಾಗಬೇಕು, ಒತ್ತಡ ಹೆಚ್ಚು, ಅದಕ್ಕೆ ಉಕ್ಕೇ ಬದಲಾಯಿತು. ಹೊರಗಿನಿಂದ ನೋಡಿದರೆ ಅದೇ ಹಳೇ ರೈಫಲ್.

ನಮ್ಮ ಡವ್‌ಟೇಲ್ ವಿಷಯಕ್ಕೆ ಬಂದರೆ, ಅವತ್ತು ನಾವಿಬ್ಬರೂ ತುಂಡು ವಾಪಸ್ ಬದಲಾಯಿಸಿಕೊಂಡೆವು. ಅವನಿಗೆ ಹತ್ತಕ್ಕೆ ಎಂಟು ಬಂತು. ನಾನು ಗಾಬರಿಯಲ್ಲಿ ಅಷ್ಟರೊಳಗೆ ನನ್ನದನ್ನು ಇನ್ನೊಂದಿಷ್ಟು ಉಜ್ಜಿಬಿಟ್ಟಿದ್ದೆ.