ಹಿತ್ತಲ ಮೂಲೆಗೆ ನಾಲ್ಕು ತುಂಬೆ ಗಿಡ



“ಕುಂಬಳ ಬಳ್ಳಿ ತುಂಬ ಹೂ ಬಂತು, ಕಾಯಿ ಮಾತ್ರ ನಿಲ್ಲಲಿಲ್ಲ” ಅಂತ ನಾವು ಎಷ್ಟೋ ಸಲ ಹೇಳುತ್ತೇವೆ. ಕುಂಬಳ, ಸೌತೆಯಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಗಂಡು ಹೂವಿನ ಪುಡಿಯನ್ನು ಹೆಣ್ಣು ಹೂವಿಗೆ ಮುಟ್ಟಿಸಲು ಜೇನುಹುಳ ಬರಲೇಬೇಕು. ಜೇನು ಬರಬೇಕಾದರೆ ಅದಕ್ಕೆ ನಮ್ಮ ಹಿತ್ತಲಲ್ಲಿ ದಿನಾ ಊಟ ಸಿಗಬೇಕು. ಆ ಊಟ ಕೊಡುವ ಗಿಡ ನಮ್ಮ ತುಂಬೆ.

ತುಂಬೆ ನಮ್ಮ ನೆಲದ್ದೇ ಗಿಡ, ತುಳಸಿಯ ಬಳಗದ್ದು. ಮೊಣಕಾಲೆತ್ತರ, ನಾಲ್ಕು ಮೂಲೆಯ ದಂಟು, ಗೆಣ್ಣಿನ ಸುತ್ತ ಬಿಳಿ ಹೂ. ಮಳೆಗೆ ಹುಟ್ಟಿ, ಹೂ ಬಿಟ್ಟು, ಬೀಜ ಉದುರಿಸಿ ಒಣಗುತ್ತದೆ. ಶಿವನ ಪೂಜೆಗೆ ಹೊಲದ ಬದುವಿನಿಂದಲೇ ಈ ಹೂ ತರುತ್ತಿದ್ದೆವು. ಈಗ ಬದುವಿಗೂ ಕಳೆನಾಶಕ ಹೊಡೆಯುತ್ತೇವೆ. ಬೀಜ ಕಟ್ಟುವ ಮೊದಲೇ ಗಿಡ ಸತ್ತರೆ ಮುಂದಿನ ವರ್ಷಕ್ಕೆ ಹುಟ್ಟುವುದಾದರೂ ಹೇಗೆ?

ಬೆಳೆಸುವುದು ಹೀಗೆ:

1. ಹೂ ಉದುರಿ ಗೊಂಚಲು ಕಂದು ಬಣ್ಣಕ್ಕೆ ಒಣಗಿದಾಗ ಅದನ್ನು ತಟ್ಟೆಯ ಮೇಲೆ ಝಾಡಿಸಿರಿ. ಸಣ್ಣ ಕಂದು ಬೀಜ ಬೀಳುತ್ತವೆ. ನೆರಳಲ್ಲಿ ಒಣಗಿಸಿ ಕಾಗದದ ಪೊಟ್ಟಣದಲ್ಲಿ ಇಡಿರಿ.

2. ಬಿಸಿಲು ಬೀಳುವ ಜಾಗ ಆರಿಸಿರಿ. ನಮ್ಮ ಎರೆ ಮಣ್ಣು ನೀರು ಹಿಡಿಯುತ್ತದೆ. ಅದಕ್ಕೆ ಉಸುಕು, ತಿಪ್ಪೆಗೊಬ್ಬರ ಬೆರೆಸಿ ಮಡಿಯನ್ನು ಸ್ವಲ್ಪ ಎತ್ತರ ಮಾಡಿರಿ.

3. ಜೂನ್ ತಿಂಗಳಲ್ಲಿ ಮಿರಗ ಮಳೆ ಬಿದ್ದ ಮೇಲೆ, ಬೀಜಕ್ಕೆ ಒಂದು ಹಿಡಿ ಉಸುಕು ಕಲಸಿ ಚೆಲ್ಲಿರಿ. ಮೇಲೆ ತೆಳ್ಳಗೆ ಮಣ್ಣು ಸಾಕು. ಆಳಕ್ಕೆ ಹೋದರೆ ಮೊಳೆಯುವುದಿಲ್ಲ.

4. ಸಸಿ ನಾಲ್ಕು ಬೆರಳು ಎತ್ತರ ಆದಾಗ ಗೇಣಿಗೊಂದು ಬಿಟ್ಟು ಉಳಿದದ್ದು ಕೀಳಿರಿ. ಮಳೆ ಕೈಕೊಟ್ಟಾಗ ಮಾತ್ರ ನೀರು ಹಾಕಿರಿ.

5. ಪೂಜೆಗೆ ಹೂ ಬಿಡಿಸಿರಿ, ಗಿಡ ಕಿತ್ತು ತರಬೇಡಿರಿ. ಎರಡು ಗಿಡವಾದರೂ ಪೂರ್ತಿ ಒಣಗಲಿ. ಬೀಜ ತಾನಾಗಿ ಉದುರಿ ಮುಂದಿನ ಮಳೆಗೆ ಹುಟ್ಟುತ್ತದೆ.

ಹೂ ಇರುವಾಗ ಹಿತ್ತಲಿಗೆ ಕೀಟನಾಶಕ ಹೊಡೆಯಬೇಡಿರಿ. ಹೊಡೆದರೆ ಕರೆದ ಜೇನನ್ನು ನಾವೇ ಕೊಂದಂತೆ. ಇನ್ನೊಂದು ಮಾತು: ನೆಗಡಿ, ಜ್ವರಕ್ಕೆ ತುಂಬೆ ರಸ ಬಳಸುವ ರೂಢಿ ಇದೆ. ಆದರೆ ಹಸುಗೂಸಿಗೆ ಕುಡಿಸಬೇಡಿರಿ. ಜ್ವರ ಇಳಿಯದಿದ್ದರೆ ಆಸ್ಪತ್ರೆಗೆ ಹೋಗಿರಿ.

ತುಂಬೆ ಮಾರಿ ಹಣ ಬರುತ್ತದೆ ಎಂದು ನಾವು ಹೇಳುವುದಿಲ್ಲ. ಆದರೆ ಬಳ್ಳಿಯಲ್ಲಿ ನಾಲ್ಕು ಕಾಯಿ ಹೆಚ್ಚು ನಿಂತರೆ ಸಂತೆಯ ಖರ್ಚು ಅಷ್ಟು ಉಳಿಯುತ್ತದೆ. ನಿಮ್ಮ ಓಣಿಯಲ್ಲಿ ಯಾರ ಹಿತ್ತಲಲ್ಲಿ ತುಂಬೆ ಉಳಿದಿದೆ? ಸಂಘದ ಮುಂದಿನ ಸಭೆಯಲ್ಲಿ ಕೇಳಿರಿ. ಒಬ್ಬರು ಒಂದು ಪೊಟ್ಟಣ ಬೀಜ ತಂದರೆ ಎಲ್ಲರ ಮನೆಗೂ ಆಗುತ್ತದೆ.